ಸೋಲಿಂಗನ್ ಕಠಾರಿ: ಅಸಲಿ ಯಾವುದು, ನಕಲಿ ಯಾವುದು

ಎರಡನೆಯ ಮಹಾಯುದ್ಧದ ಸೇನಾ ಸ್ಮರಣಿಕೆಗಳಲ್ಲಿ ಅತಿ ಹೆಚ್ಚು ನಕಲಾದ ವಸ್ತುಗಳ ಸಾಲಿನಲ್ಲಿ ಜರ್ಮನಿಯ ಸಮವಸ್ತ್ರದ ಕಠಾರಿಗಳು ಮುಂದಿವೆ. 1933ರಿಂದ 1945ರವರೆಗೆ ಜರ್ಮನಿಯನ್ನು ಆಳಿದ ನಾಜಿ ಆಡಳಿತ ಸೇನಾಧಿಕಾರಿಗಳಿಗಷ್ಟೇ ಅಲ್ಲದೆ ಪಕ್ಷದ ಅರೆಸೇನಾ ದಳಗಳು, ಕಾರ್ಮಿಕ ಸೇವೆ, ರೆಡ್‌ಕ್ರಾಸ್, ರಾಯಭಾರ ಇಲಾಖೆ, ಕೊನೆಗೆ ಹುಡುಗರ ಸಂಘಕ್ಕೂ ಬೇರೆ ಬೇರೆ ಮಾದರಿಯ ಕಠಾರಿ, ಚೂರಿಗಳನ್ನು ಗೊತ್ತುಮಾಡಿತ್ತು. ಇವುಗಳಲ್ಲಿ ಹೆಚ್ಚಿನವು ಹೋರಾಡಲು ಮಾಡಿದವಲ್ಲ. ಎಡಸೊಂಟದಲ್ಲಿ ತೂಗುತ್ತಿದ್ದ ಈ ಅಲಗು ಧರಿಸಿದವನ ಸ್ಥಾನವನ್ನೂ ನಿಷ್ಠೆಯನ್ನೂ ಊರಿಗೆಲ್ಲ ಸಾರುವ ಗುರುತಾಗಿತ್ತು. ಆ ಆಡಳಿತ ಅಳಿದು ಎಂಟು ದಶಕಗಳಾಗಿವೆ. ಅದರ ಕಠಾರಿಗಳು ಮಾತ್ರ ವಸ್ತುಸಂಗ್ರಹಾಲಯಗಳಲ್ಲಿ, ಹರಾಜುಮನೆಗಳಲ್ಲಿ, ಖಾಸಗಿ ಸಂಗ್ರಹಗಳಲ್ಲಿ ಉಳಿದಿವೆ. ಅವುಗಳ ಪಕ್ಕದಲ್ಲೇ, ಅವುಗಳದೇ ರೂಪ ತೊಟ್ಟು, ಅಪಾರ ಸಂಖ್ಯೆಯ ನಕಲಿಗಳೂ ಇವೆ.

ಅಸಲಿ ಕಠಾರಿಗಳ ತವರು ಸೋಲಿಂಗನ್. ಜರ್ಮನಿಯ ಪಶ್ಚಿಮ ಭಾಗದಲ್ಲಿ, ವುಪ್ಪರ್ ನದಿಯ ದಂಡೆಯಲ್ಲಿರುವ ಈ ಊರು ಮಧ್ಯಯುಗದಿಂದಲೂ ಕತ್ತಿ, ಚಾಕು, ಕತ್ತರಿಗಳಿಗೆ ಹೆಸರಾದದ್ದು. ಅಲ್ಲಿ ಒಬ್ಬ ಕಮ್ಮಾರ ಬಡಿದರೆ ಇನ್ನೊಬ್ಬ ಸಾಣೆ ಹಿಡಿಯುತ್ತಿದ್ದ, ಮತ್ತೊಬ್ಬ ಹಿಡಿ ಕೂರಿಸುತ್ತಿದ್ದ. ಕಸುಬು ಹೀಗೆ ಮನೆಮನೆಗೆ ಹಂಚಿಹೋಗಿತ್ತು. ಕಾರ್ಲ್ ಐಕ್‌ಹಾರ್ನ್, ಡಬ್ಲ್ಯೂಕೆಸಿ ಎಂದೇ ಪರಿಚಿತವಾದ ವೇಯರ್ಸ್‌ಬರ್ಗ್–ಕಿರ್ಶ್‌ಬಾಮ್, ರಾಬರ್ಟ್ ಕ್ಲಾಸ್, ಪೂಮಾ ಮೊದಲಾದ ಹತ್ತಾರು ಕಂಪನಿಗಳು ಅಲಗಿನ ಬುಡದಲ್ಲಿ ತಂತಮ್ಮ ಮುದ್ರೆ ಹಾಕುತ್ತಿದ್ದವು. ಐಕ್‌ಹಾರ್ನ್‌ನ ಮುದ್ರೆಯಲ್ಲಿ ಕತ್ತಿ ಹಿಡಿದ ಅಳಿಲು, ಡಬ್ಲ್ಯೂಕೆಸಿಯದರಲ್ಲಿ ರಾಜನ ಮತ್ತು ಯೋಧನ ತಲೆಗಳು, ಕ್ಲಾಸ್‌ನದರಲ್ಲಿ ಎರಡು ಕೊಕ್ಕರೆಗಳು ಕಾಣುತ್ತವೆ. ಕಂಪನಿಗಳು ಹೆಚ್ಚಿದಷ್ಟೂ ಕೈಚಳಕದ ವ್ಯತ್ಯಾಸಗಳು ಹೆಚ್ಚು. ಆದ್ದರಿಂದಲೇ ಎಲ್ಲ ಅಸಲಿಗಳಿಗೂ ಅನ್ವಯಿಸುವ ಒಂದೇ ಅಳತೆಗೋಲು ಸಿಗುವುದಿಲ್ಲ.

ಮುಖ್ಯ ಮಾದರಿಗಳ ಪರಿಚಯವಿಲ್ಲದೆ ಪರೀಕ್ಷೆ ಸಾಧ್ಯವಿಲ್ಲ. ಕಂದು ಅಂಗಿಯ ದಳವಾದ ಎಸ್‌ಎ ಮತ್ತು ಕರಿ ಸಮವಸ್ತ್ರದ ಎಸ್‌ಎಸ್‌ಗಳಿಗೆ 1933ರ ಕೊನೆಯಲ್ಲಿ ಕಠಾರಿ ಬಂತು. ಎರಡರ ಆಕಾರವೂ ಹದಿನಾರನೆಯ ಶತಮಾನದ ಸ್ವಿಸ್ ಕಠಾರಿಯೊಂದನ್ನು ಅನುಸರಿಸಿದ್ದು. ಚಿತ್ರಕಾರ ಹಾನ್ಸ್ ಹೋಲ್ಬೈನ್‌ನ ಹೆಸರಿನಿಂದ ಆ ಹಳೆಯ ಮಾದರಿ ಪ್ರಸಿದ್ಧವಾಗಿದೆ. ಎಸ್‌ಎ ಕಠಾರಿಗೆ ಕಂದು ಮರದ ಹಿಡಿ, ಕಂದು ಒರೆ. ಎಸ್‌ಎಸ್‌ನದಕ್ಕೆ ಎರಡೂ ಕಪ್ಪು. ಅಲಗಿನ ಉದ್ದ ಸುಮಾರು 22 ಸೆಂಟಿಮೀಟರ್. ಎಸ್‌ಎ ಅಲಗಿನ ಮೇಲೆ ‘ಎಲ್ಲವೂ ಜರ್ಮನಿಗಾಗಿ’ ಎಂಬ ಅರ್ಥದ, ಎಸ್‌ಎಸ್ ಅಲಗಿನ ಮೇಲೆ ‘ನಿಷ್ಠೆಯೇ ನನ್ನ ಮಾನ’ ಎಂಬ ಅರ್ಥದ ಜರ್ಮನ್ ಘೋಷವಾಕ್ಯ ಆಮ್ಲದಿಂದ ಕೊರೆದಿರುತ್ತದೆ. ಭೂಸೇನೆಯ ಅಧಿಕಾರಿಗಳ ಕಠಾರಿ 1935ರದ್ದು. ಅದರ ಅಲಗು ಸಾಮಾನ್ಯವಾಗಿ ಬರಹವಿಲ್ಲದ್ದು, ಹಿಡಿ ಬಿಳಿಯಿಂದ ಕಿತ್ತಳೆವರೆಗಿನ ಬಣ್ಣದ್ದು. ವಾಯುಸೇನೆಯ ಎರಡನೆಯ ಮಾದರಿ 1937ರಲ್ಲಿ ಬಂತು. ನೌಕಾಪಡೆಯಲ್ಲಿ ಕಠಾರಿ ಧರಿಸುವ ರೂಢಿ ಹತ್ತೊಂಬತ್ತನೆಯ ಶತಮಾನದಿಂದಲೇ ಇತ್ತು. 1938ರಲ್ಲಿ ಅದರ ತಲೆಯ ಮೇಲಿದ್ದ ಜ್ವಾಲೆಯ ಆಕಾರ ಹೋಗಿ ಹದ್ದು ಕುಳಿತಿತು.

ನಕಲಿನ ಕಥೆ ಯುದ್ಧ ಮುಗಿದ ಕೂಡಲೇ ಶುರುವಾಗುತ್ತದೆ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಪಡೆ ಸೋಲಿಂಗನ್ ಹೊಕ್ಕಿತು. ಗೆದ್ದ ಸೈನಿಕರಿಗೆ ಜರ್ಮನ್ ಕಠಾರಿ ಬಲು ಇಷ್ಟದ ನೆನಪಿನ ವಸ್ತು. ಕಾರ್ಖಾನೆಗಳಲ್ಲಿ ಉಳಿದಿದ್ದ ಅಲಗು, ಹಿಡಿ, ಒರೆಗಳನ್ನು ಜೋಡಿಸಿ ಅವರಿಗೆ ಮಾರಿದ್ದೂ ಉಂಟು. 1960ರ ದಶಕದಲ್ಲಿ ಸಂಗ್ರಾಹಕರ ಬಳಗ ಬೆಳೆದು ಬೆಲೆ ಏರಿದಂತೆ ಹೊಸದಾಗಿಯೇ ತಯಾರಿಸುವುದು ಲಾಭದ ಕೆಲಸವಾಯಿತು. ಸ್ಪೇನ್, ಭಾರತ, ಪಾಕಿಸ್ತಾನ, ಚೀನಾಗಳಲ್ಲಿ ಪ್ರತಿಕೃತಿಗಳು ತಯಾರಾದವು. ಸಿನಿಮಾ, ನಾಟಕ, ಯುದ್ಧಗಳ ಮರುಪ್ರದರ್ಶನಗಳಿಗೆಂದು ಪ್ರತಿಕೃತಿ ಮಾಡುವುದು ಪ್ರಾಮಾಣಿಕ ಕಸುಬು. ತಯಾರಿಕೆಯ ಗುರುತನ್ನು ಕೆರೆದು, ತುಕ್ಕು ಹಿಡಿಸಿ, ‘ಅಜ್ಜ ಯುದ್ಧದಿಂದ ತಂದದ್ದು’ ಎಂಬ ಕಥೆ ಕಟ್ಟಿ ಮಾರಿದ ಕ್ಷಣದಲ್ಲಿ ಅದು ವಂಚನೆ.

ಸುಳ್ಳು ಕಠಾರಿಗಳೆಲ್ಲ ಒಂದೇ ಬಗೆಯವಲ್ಲ; ನಾಲ್ಕು ಬಗೆಗಳನ್ನು ಬೇರೆಮಾಡಿ ನೋಡಬೇಕು. ಮೊದಲನೆಯದು ತುದಿಮೊದಲು ಹೊಸದಾಗಿ ಮಾಡಿದ ಪ್ರತಿಕೃತಿ. ಎರಡನೆಯದು ಕಾಲಕ್ಕೆ ಸೇರಿದ ಅಸಲಿ ಬಿಡಿಭಾಗಗಳನ್ನೇ ಬೇರೆ ಬೇರೆ ಕಠಾರಿಗಳಿಂದ ಆಯ್ದು, ಇಲ್ಲವೇ ಯುದ್ಧಾನಂತರ ಉಳಿದ ದಾಸ್ತಾನಿನಿಂದ ತೆಗೆದು ಜೋಡಿಸಿದ್ದು. ಮೂರನೆಯದು ಸಾಧಾರಣ ಅಸಲಿ ಕಠಾರಿಗೆ ಅಪರೂಪದ ಬರಹ, ಹೆಸರು ಅಥವಾ ಲಾಂಛನ ಸೇರಿಸಿ ಬೆಲೆ ಏರಿಸಿದ್ದು. ನಾಲ್ಕನೆಯದು ಕಾಲ್ಪನಿಕ ಕಠಾರಿ, ಅಂದರೆ ಆ ಕಾಲದಲ್ಲಿ ಎಂದೂ ಇಲ್ಲದಿದ್ದ ಮಾದರಿಯನ್ನು ಹುಟ್ಟಿಸಿ, ಯಾವುದೋ ಗುಪ್ತ ದಳದ್ದೆಂದು ಹೆಸರಿಟ್ಟು ಮಾರುವಂಥದ್ದು. ಮೊದಲನೆಯದನ್ನು ಪಳಗಿದ ಕಣ್ಣು ಬೇಗ ಹಿಡಿಯುತ್ತದೆ. ನಾಲ್ಕನೆಯದು ದಾಖಲೆಗಳ ಮುಂದೆ ನಿಲ್ಲುವುದಿಲ್ಲ. ಎರಡನೆಯ ಮತ್ತು ಮೂರನೆಯ ಬಗೆಗಳಲ್ಲಿ ಸುಳ್ಳು ನಿಜದ ಜೊತೆ ಬೆರೆತಿರುತ್ತದೆ. ಪರೀಕ್ಷಕರ ಶ್ರಮವೆಲ್ಲ ಹೆಚ್ಚಾಗಿ ಅವುಗಳ ಮೇಲೆಯೇ ವ್ಯಯವಾಗುತ್ತದೆ.

ಪರೀಕ್ಷೆಯ ಮೊದಲ ಹೆಜ್ಜೆ ಕಾಲದ ಲೆಕ್ಕ. ಕಠಾರಿಯ ಒಂದೊಂದು ಭಾಗಕ್ಕೂ, ಒಂದೊಂದು ಗುರುತಿಗೂ ಹುಟ್ಟಿದ ಕಾಲವಿದೆ. ಅವೆಲ್ಲ ಒಂದೇ ಕಾಲದಲ್ಲಿ ಕೂಡಿ ಇರಲು ಸಾಧ್ಯವಿತ್ತೇ ಎಂಬುದನ್ನು ಮೊದಲು ನೋಡಬೇಕು. ಇದಕ್ಕೆ ಎರ್ನ್‌ಸ್ಟ್ ರೋಹ್ಮ್‌ನ ಕಠಾರಿಗಿಂತ ಸ್ಪಷ್ಟವಾದ ನಿದರ್ಶನ ಇಲ್ಲ. ರೋಹ್ಮ್ ಎಸ್‌ಎ ದಳದ ಮುಖ್ಯಸ್ಥ. 1934ರ ಫೆಬ್ರವರಿಯಲ್ಲಿ ತನ್ನ ದಳದ ಹಳಬರಿಗೆ ಅವನು ಕಠಾರಿಗಳನ್ನು ಕೊಡಿಸಿದ. ಅಲಗಿನ ಹಿಂಬದಿಯಲ್ಲಿ ಸ್ನೇಹಪೂರ್ವಕವಾಗಿ ಕೊಟ್ಟದ್ದೆಂಬ ಅರ್ಥದ ಸಾಲು ಮತ್ತು ಅವನ ಹಸ್ತಾಕ್ಷರ ಕೊರೆದಿದ್ದವು. ಅದೇ ವರ್ಷ ಜೂನ್ 30ರಂದು ಹಿಟ್ಲರ್ ತನ್ನದೇ ಸಂಗಾತಿಗಳ ಮೇಲೆ ತಿರುಗಿಬಿದ್ದ. ರೋಹ್ಮ್‌ನನ್ನು ಮರುದಿನ ಮ್ಯೂನಿಕ್‌ನ ಸೆರೆಮನೆಯಲ್ಲಿ ಗುಂಡಿಟ್ಟು ಕೊಂದರು. ಅವನ ಹೆಸರನ್ನು ಅಲಗುಗಳಿಂದ ಅಳಿಸಬೇಕೆಂದು ಆಜ್ಞೆ ಹೊರಟಿತು. ಬಹುಪಾಲು ಕಠಾರಿಗಳ ಮೇಲಿನ ಬರಹ ಸಾಣೆಗೆ ಸಿಕ್ಕಿ ಸವೆದುಹೋಯಿತು. ಕೆಲವದರಲ್ಲಿ ಹೆಸರು ಮಾತ್ರ ಹೋಯಿತು, ಕೆಲವದರಲ್ಲಿ ಸಾಲು ಪೂರ್ತಿ ಹೋಯಿತು.

ಬರಹ ಅಳಿಯದೆ ಉಳಿದ ಅಲಗುಗಳು ಅಪರೂಪವಾದ್ದರಿಂದ ಅವುಗಳ ಬೆಲೆ ಹಲವು ಪಟ್ಟು ಹೆಚ್ಚು. ಸುಳ್ಳು ಬರಹ ಕೊರೆಯುವ ಆಸೆ ಹುಟ್ಟುವುದೂ ಅಲ್ಲಿಂದಲೇ. ಇಲ್ಲಿ ಕಾಲದ ಲೆಕ್ಕ ನೆರವಿಗೆ ಬರುತ್ತದೆ. ನಾಜಿ ಪಕ್ಷದ ಸಮವಸ್ತ್ರ ಮತ್ತು ಸಾಮಗ್ರಿಗಳ ಗುಣಮಟ್ಟ ನೋಡಿಕೊಳ್ಳಲು ಮ್ಯೂನಿಕ್‌ನಲ್ಲಿ ಆರ್‌ಝಡ್‌ಎಂ ಎಂಬ ಕಚೇರಿ ಇತ್ತು. 1935ರ ಹೊತ್ತಿಗೆ ಕಂಪನಿಯ ಮುದ್ರೆಯ ಜಾಗದಲ್ಲಿ ಈ ಕಚೇರಿಯ ಸಂಕೇತ ಕಾಣಿಸಿಕೊಳ್ಳತೊಡಗಿತು. ‘ಎಂ7’ ಎಂದರೆ ಅಲಗಿನ ಸಾಮಗ್ರಿಗಳ ವರ್ಗ, ಅದರ ಮುಂದಿನ ಅಂಕಿ ತಯಾರಕನದು. ಎಂ7/66 ಎಂದರೆ ಐಕ್‌ಹಾರ್ನ್. 1934ರ ಫೆಬ್ರವರಿಯಲ್ಲಿ ಹಂಚಿದ ಕಠಾರಿಯ ಮೇಲೆ ಆಮೇಲೆ ಬಂದ ಸಂಕೇತ ಇರಲಾರದು. ರೋಹ್ಮ್‌ನ ಹಸ್ತಾಕ್ಷರವೂ ಆರ್‌ಝಡ್‌ಎಂ ಸಂಕೇತವೂ ಒಂದೇ ಅಲಗಿನ ಮೇಲಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ. ಇದೇ ರೀತಿ, ಆರ್‌ಝಡ್‌ಎಂ ಪಕ್ಷದ ಸಂಸ್ಥೆಗಳಿಗೆ ಸಂಬಂಧಿಸಿದ ಕಚೇರಿಯಾದ್ದರಿಂದ ಅದರ ಗುರುತು ಭೂಸೇನೆಯ ಅಧಿಕಾರಿ ಕಠಾರಿಯ ಮೇಲೆ ಕಂಡರೂ ಅನುಮಾನಿಸಬೇಕು.

ಕಾಲದ ಲೆಕ್ಕ ಹೊಂದಿದರೆ ಮುಂದಿನದು ಅಲಗು. ಎಸ್‌ಎ, ಎಸ್‌ಎಸ್ ಅಲಗುಗಳ ಕೊನೆಯ ಸಾಣೆಯನ್ನು ಅಲಗಿನ ಉದ್ದಕ್ಕೆ ಹಿಡಿಯದೆ ಅಡ್ಡಲಾಗಿ ಹಿಡಿಯುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಂಥ ಗೆರೆಗಳು ನಡುವಿನ ಏಣಿನಿಂದ ಅಂಚಿನ ಕಡೆಗೆ ಒತ್ತೊತ್ತಾಗಿ ಸಾಗಿರುವುದು ಕಾಣುತ್ತದೆ. ನಡುವಿನ ಏಣು ಬುಡದಿಂದ ಮೊನೆಯವರೆಗೆ ಚೂಪಾಗಿ, ನೇರವಾಗಿ ಓಡುತ್ತದೆ. ಅಗ್ಗದ ಪ್ರತಿಕೃತಿಗಳಲ್ಲಿ ಯಂತ್ರದ ಮೆರುಗು ಕನ್ನಡಿಯಂತೆ ಹೊಳೆಯುತ್ತದೆ, ಇಲ್ಲವೇ ಗೆರೆಗಳು ಉದ್ದಕ್ಕೆ ಬಿದ್ದಿರುತ್ತವೆ, ಏಣು ಮೊಂಡಾಗಿ ಮೊನೆಯ ಬಳಿ ಓರೆಯಾಗುತ್ತದೆ. ಅಸಲಿ ಅಲಗುಗಳಲ್ಲಿ ಬಹುತೇಕ ಇಂಗಾಲದ ಉಕ್ಕು ಬಳಕೆಯಾಗಿದೆ. ಸ್ಟೇನ್‌ಲೆಸ್ ಸ್ಟೀಲಿನ ಅಲಗು ಕಂಡರೆ ಕೊಳ್ಳುವವರು ಕೈ ಹಿಂದೆಗೆಯುವುದು ಒಳಿತು. ಭೂಸೇನೆಯ ಅಲಗುಗಳು ನಯವಾಗಿ ಮೆರುಗುಗೊಂಡು ಲೋಹಲೇಪವನ್ನೂ ಪಡೆದವು; ಅವುಗಳಲ್ಲಿ ಅಡ್ಡಗೆರೆ ಹುಡುಕುವುದು ಸರಿಯಲ್ಲ. ಯಾವ ಲಕ್ಷಣ ಯಾವ ಮಾದರಿಗೆ ಸೇರಿದ್ದು ಎಂಬ ತಿಳಿವಳಿಕೆ ಇಲ್ಲದ ಪರೀಕ್ಷೆ ಅಸಲಿಯನ್ನೇ ನಕಲಿ ಎಂದುಬಿಡುತ್ತದೆ.

ಘೋಷವಾಕ್ಯದ ಅಕ್ಷರಗಳು ಇನ್ನಷ್ಟು ಮಾತನಾಡುತ್ತವೆ. ಆಮ್ಲ ತಾಗಬಾರದ ಜಾಗವನ್ನು ರಕ್ಷಕ ಲೇಪದಿಂದ ಮುಚ್ಚಿ, ಉಳಿದ ಭಾಗವನ್ನು ಆಮ್ಲಕ್ಕೆ ಒಡ್ಡಿ ಅಕ್ಷರ ಮೂಡಿಸುತ್ತಿದ್ದರು. ಆಮೇಲೆ ಕೊರೆದ ತಗ್ಗಿಗೆ ಕಪ್ಪು ಬಣ್ಣ ಬರಿಸುತ್ತಿದ್ದರು. ಒಳ್ಳೆಯ ಅಸಲಿಯಲ್ಲಿ ಅಕ್ಷರದ ಅಂಚು ಕತ್ತರಿಸಿದಂತೆ ಸ್ಪಷ್ಟ, ತಗ್ಗಿನ ತಳ ಒಂದೇ ಹದದಲ್ಲಿ ನವುರಾದ ಹರಳುಹರಳು. ನಕಲಿಯಲ್ಲಿ ಅಂಚು ಒಸರಿ ಹರಡಿರುತ್ತದೆ, ಆಳ ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ, ಅಥವಾ ಕೊರೆಯುವ ಯಂತ್ರದ ಇಲ್ಲವೇ ಲೇಸರಿನ ಸಮಾನಾಂತರ ಗೀಟುಗಳು ತಳದಲ್ಲಿ ಕಾಣುತ್ತವೆ. ಒಂದೇ ಘೋಷವಾಕ್ಯವನ್ನೇ ಕಂಪನಿಗಳು ತಂತಮ್ಮ ಅಚ್ಚಿನಲ್ಲಿ ಬರೆಯುತ್ತಿದ್ದವು. ಅಕ್ಷರಗಳ ನಡುವಿನ ಅಂತರ, ಕೊಂಬುಗಳ ಬಾಗು, ಸ್ವರದ ಮೇಲಿನ ಎರಡು ಚುಕ್ಕೆಗಳ ಎತ್ತರ ಇವೆಲ್ಲ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಬುಡದಲ್ಲಿರುವ ಮುದ್ರೆ ಯಾವ ಕಂಪನಿಯದೋ ಘೋಷವಾಕ್ಯದ ಅಚ್ಚೂ ಅದೇ ಕಂಪನಿಯದಾಗಿರಬೇಕು. ನಿಸ್ಸಂದೇಹವಾದ ಅಸಲಿಗಳ ಚಿತ್ರಗಳೊಡನೆ ಹೋಲಿಸಿದರೆ ಇದು ತಿಳಿದುಬರುತ್ತದೆ.

ರೋಹ್ಮ್‌ನ ಬರಹವನ್ನು ಸಾಣೆ ಹಿಡಿದು ತೆಗೆದ ಅಲಗಿನ ಮೇಲೆ ಅದೇ ಬರಹವನ್ನು ಮತ್ತೆ ಕೊರೆದು ಮಾರಲು ನೋಡುವವರಿದ್ದಾರೆ. ಇದಕ್ಕೆ ಉತ್ತರ ಅಳತೆಯಲ್ಲಿದೆ. ಬರಹದ ಆಳದಷ್ಟು ಲೋಹ ಒಮ್ಮೆ ಹೋದ ಮೇಲೆ ಆ ಜಾಗದಲ್ಲಿ ಅಲಗು ತೆಳ್ಳಗಾಗಿರುತ್ತದೆ. ಸೂಕ್ಷ್ಮ ಮಾಪಕದಿಂದ ಬುಡ, ನಡು, ಮೊನೆಗಳ ದಪ್ಪವನ್ನು ಅಳೆದರೆ ಇಳಿಜಾರು ಎಲ್ಲಿ ಮುರಿದಿದೆ ಎಂಬುದು ಗೊತ್ತಾಗುತ್ತದೆ. ಓರೆಬೆಳಕಿನಲ್ಲಿ ಅಲಗನ್ನು ಹಿಡಿದರೆ ತಗ್ಗಾದ ಭಾಗ ಬೆಳಕನ್ನು ಬೇರೆ ರೀತಿ ಪ್ರತಿಫಲಿಸುತ್ತದೆ. ಆಜ್ಞೆಗೆ ಹೆದರಿ ಒಬ್ಬ ಸದಸ್ಯ 1934ರಲ್ಲಿ ಸವೆಸಿದ ಅಲಗು ಹೆಚ್ಚು ಬೆಲೆಬಾಳದಿರಬಹುದು. ಆದರೆ ಒಂದು ಸರ್ವಾಧಿಕಾರ ತನ್ನವರ ನೆನಪನ್ನೇ ಹೇಗೆ ಒರೆಸಿಹಾಕಿತು ಎಂಬುದಕ್ಕೆ ಆ ಖಾಲಿ ಜಾಗ ಬರಹಕ್ಕಿಂತ ದೊಡ್ಡ ಸಾಕ್ಷಿ. ಅದರ ಮೇಲೆ ಸುಳ್ಳು ಬರಹ ಕೊರೆಯುವವನು ಆ ಸಾಕ್ಷಿಯನ್ನೇ ಹಾಳುಗೆಡವುತ್ತಾನೆ.

ತಯಾರಕನ ಮುದ್ರೆಯನ್ನು ಹೊಸಬರು ಎಲ್ಲಕ್ಕಿಂತ ಹೆಚ್ಚು ನಂಬುತ್ತಾರೆ. ನಂಬಿಕೆಗೆ ಅದು ಅಷ್ಟು ಅರ್ಹವಲ್ಲ. ಮುದ್ರೆಯ ನಕಲು ಮಾಡುವುದು ಸುಲಭ. ಪ್ರತಿಕೃತಿಗಳಲ್ಲಿ ಹೆಚ್ಚಾಗಿ ಕಾಣುವುದು ಪ್ರಸಿದ್ಧ ಕಂಪನಿಗಳ ಮುದ್ರೆಗಳೇ. ಸೋಲಿಂಗನ್ ಎಂಬ ಹೆಸರಿದ್ದ ಮಾತ್ರಕ್ಕೆ ಕಾಲ ಸಾಬೀತಾಗುವುದಿಲ್ಲ. ಅಲ್ಲಿನ ಕೆಲವು ಕಂಪನಿಗಳು ಯುದ್ಧದ ನಂತರವೂ ಹಲವು ದೇಶಗಳ ಸೇನೆಗಳಿಗೆ ಕವಾಯತಿನ ಕತ್ತಿ, ಕಠಾರಿಗಳನ್ನು ಮಾಡಿಕೊಡುತ್ತ ಬಂದಿವೆ. ಡಬ್ಲ್ಯೂಕೆಸಿ ಅಂಥವುಗಳಲ್ಲಿ ಒಂದು. ಮುದ್ರೆಯಿಂದ ಸಿಗುವ ನಿಜವಾದ ಪ್ರಯೋಜನ ಬೇರೆ. ಕಂಪನಿಗಳು ಕಾಲಕಾಲಕ್ಕೆ ಮುದ್ರೆಯ ಆಕಾರ ಬದಲಿಸಿಕೊಂಡಿವೆ. ಐಕ್‌ಹಾರ್ನ್‌ನ ಅಳಿಲು ಕೂಡ ಒಂದೇ ರೂಪದಲ್ಲಿ ಉಳಿಯಲಿಲ್ಲ. ಯಾವ ವರ್ಷಗಳ ಮುದ್ರೆ ಯಾವ ವರ್ಷಗಳ ಬಿಡಿಭಾಗದೊಡನೆ ಬಂದಿದೆ ಎಂಬ ಪ್ರಶ್ನೆಗೆ ಮುದ್ರೆ ಉತ್ತರ ಹೇಳುತ್ತದೆ.

ಒಂದು ಮುದ್ರೆಯನ್ನು ಇಲ್ಲಿ ಹೆಸರಿಸಲೇಬೇಕು. ತಕ್ಕಡಿಯ ಚಿತ್ರದೊಡನೆ ‘ಆಲ್ಕೊಸೊ’ ಎಂದಿರುವ ಗುರುತು ಸೋಲಿಂಗನ್‌ನ ಅಲೆಕ್ಸಾಂಡರ್ ಕೋಪಲ್ ಕಂಪನಿಯದು. ಕೋಪಲ್‌ರದು ಊರಿನ ಪ್ರತಿಷ್ಠಿತ ಯಹೂದಿ ಮನೆತನ. ನಾಜಿ ಆಡಳಿತದಲ್ಲಿ ಕಂಪನಿ ಆ ಮನೆತನದ ಕೈತಪ್ಪಿತು. ಊರಿನ ಯಹೂದಿ ಸಮುದಾಯದ ಮುಂದಾಳಾಗಿದ್ದ ಡಾ. ಅಲೆಕ್ಸಾಂಡರ್ ಕೋಪಲ್ ಅವರನ್ನು 1942ರಲ್ಲಿ ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು. ಅದೇ ವರ್ಷ ಅವರು ಅಲ್ಲಿ ತೀರಿಕೊಂಡರು. ಆ ಮನೆತನದ ಹೆಸರಿನಿಂದ ಹುಟ್ಟಿದ ಗುರುತು ಹೊತ್ತ ಕಠಾರಿಗಳು ಅವರನ್ನು ನಾಶಮಾಡಿದ ಆಡಳಿತದ ಅಧಿಕಾರಿಗಳ ಸೊಂಟದಲ್ಲಿ ತೂಗಿದವು. ಅಸಲಿ ನಕಲಿಯ ವಿಚಾರ ಬರೀ ಹಣದ ಮಾತಲ್ಲ ಎಂಬುದಕ್ಕೆ ಇಷ್ಟು ಸಾಕು. ಅಸಲಿ ಆಲ್ಕೊಸೊ ಅಲಗು ಈ ಇತಿಹಾಸದ ತುಣುಕು. ಅದರ ನಕಲಿಗೆ ಯಾವ ಇತಿಹಾಸವೂ ಇಲ್ಲ.

ಅಲಗಿನ ನಂತರ ಲೋಹದ ಜೋಡಣೆಗಳ ಸರದಿ. ಮೊದಲ ವರ್ಷಗಳ ಎಸ್‌ಎ, ಎಸ್‌ಎಸ್ ಕಠಾರಿಗಳ ಅಡ್ಡಪಟ್ಟಿಗಳು ಮತ್ತು ಒರೆಯ ಕಟ್ಟುಗಳು ಜರ್ಮನ್ ಸಿಲ್ವರಿನವು, ಅಂದರೆ ತಾಮ್ರ, ನಿಕಲ್, ಸತುಗಳ ಮಿಶ್ರಲೋಹದವು. ಇದು ಹಳತಾದಂತೆ ಮೆಲು ಹಳದಿ ಛಾಯೆಯ ಬೂದು ಬಣ್ಣಕ್ಕೆ ತಿರುಗುತ್ತದೆ, ಆದರೆ ಸಿಪ್ಪೆ ಏಳುವುದಿಲ್ಲ. ಯುದ್ಧಸಿದ್ಧತೆ ಹೆಚ್ಚಿ ತಾಮ್ರ, ನಿಕಲ್‌ಗಳು ದುಬಾರಿಯಾದಂತೆ ಸತುವಿನ ಮಿಶ್ರಲೋಹದ ಮೇಲೆ ತೆಳು ಲೇಪ ಕೊಡುವ ರೂಢಿ ಬಂತು. ಸತುವಿನ ಮೇಲಿನ ಲೇಪ ವರ್ಷಗಳು ಕಳೆದಂತೆ ಗುಳ್ಳೆ ಎದ್ದು ಉದುರುತ್ತದೆ. ಹೊಸಬನಿಗೆ ಇದು ದೋಷವಾಗಿ ಕಂಡರೂ ಆ ವರ್ಷಗಳ ಕಠಾರಿಗೆ ಇದು ಸಹಜ ಮುಪ್ಪು. 1934ರ ಅಲಗಿಗೆ ಗುಳ್ಳೆಯೆದ್ದ ಸತುವಿನ ಅಡ್ಡಪಟ್ಟಿ ಕೂಡಿದ್ದರೆ ಮಾತ್ರ ಯಾರೋ ಆಮೇಲೆ ಕೂಡಿಸಿದ್ದಾರೆಂದು ತಿಳಿಯಬೇಕು. ಮೊದಲ ವರ್ಷಗಳ ಎಸ್‌ಎ ಕಠಾರಿಯ ಕೆಳಗಿನ ಅಡ್ಡಪಟ್ಟಿಯ ಹಿಂಬದಿಯಲ್ಲಿ ಪ್ರಾಂತ್ಯದ ದಳವನ್ನು ಸೂಚಿಸುವ ಚಿಕ್ಕ ಅಕ್ಷರಗಳ ಒತ್ತು ಇರುತ್ತದೆ. ಅದು ಹರಿತವಾಗಿ, ಆದರೆ ಸುತ್ತಲಿನ ಲೋಹದಷ್ಟೇ ಹಳತಾಗಿ ಕಾಣಬೇಕು.

ಅಸಲಿಯೊಂದರಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿಗಳನ್ನು ಹಿಡಿಯಲು ಲೋಹದ ಗುಣವೇ ಸಹಾಯಕ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಆದ್ದರಿಂದ ಎರಕದ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಅಚ್ಚಿನಲ್ಲಿ ಸಿಕ್ಕಿದ ಗಾಳಿ ಸೂಜಿಮೊನೆಯಷ್ಟು ಕುಳಿಗಳನ್ನು ಉಳಿಸುತ್ತದೆ. ಹದ್ದಿನ ಗರಿ, ಓಕ್ ಎಲೆಯ ನರಗಳಂಥ ನವುರು ಗೆರೆಗಳು ಮೊಂಡಾಗುತ್ತವೆ. ಅಸಲಿಯಲ್ಲೂ ಗರಿಗಳು ಸವೆದಿರಬಹುದು. ಆದರೆ ಅಲ್ಲಿ ಉಬ್ಬಿದ ಭಾಗಗಳಷ್ಟೇ ಸವೆದು, ತಗ್ಗಿನ ಗೆರೆಗಳು ಹರಿತವಾಗಿಯೇ ಇರುತ್ತವೆ. ಎರಕದಲ್ಲಿ ಉಬ್ಬು ತಗ್ಗುಗಳೆರಡೂ ಒಟ್ಟಿಗೆ ಮಂಕಾಗಿರುತ್ತವೆ.

ಹಿಡಿಯಲ್ಲಿ ಕೈಯ ಕೆಲಸ ಹೆಚ್ಚು ಎದ್ದು ಕಾಣುತ್ತದೆ. ಎಸ್‌ಎ ಕಠಾರಿಯ ಮರದ ಹಿಡಿಯನ್ನು ಲೋಹದ ಜೊತೆ ಕೂರಿಸಿ, ಎರಡೂ ಸೇರುವ ಅಂಚನ್ನು ಕೈಯಿಂದ ಹೊಂದಿಸುತ್ತಿದ್ದರು. ಬೆರಳಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಮರ ಒಣಗಿ ಕುಗ್ಗುವುದರಿಂದ ಈಗ ಸಣ್ಣ ಅಂತರ ಕಂಡರೆ ಆಶ್ಚರ್ಯವಿಲ್ಲ. ಹದ್ದಿನ ಲಾಂಛನಕ್ಕೆ ಮರದಲ್ಲಿ ಅದರದೇ ಆಕಾರದ ಗುಳಿ ತೋಡಿ ಬಿಗಿಯಾಗಿ ಕೂರಿಸುತ್ತಿದ್ದರು. ನಕಲಿಯಲ್ಲಿ ಗುಳಿ ಅಗಲವಾಗಿ, ಸುತ್ತ ಅಂಟು ಅಥವಾ ಮೇಣ ತುಂಬಿರುತ್ತದೆ. ಭೂಸೇನೆ, ವಾಯುಸೇನೆಗಳ ಹಿಡಿಗಳಲ್ಲಿ ಹೆಚ್ಚಾಗಿ ಸೆಲ್ಯುಲಾಯ್ಡ್ ಬಳಕೆಯಾಗಿದೆ. ಅದು ಬಿಳಿಯಾಗಿದ್ದದ್ದು ವರ್ಷಗಳು ಉರುಳಿದಂತೆ ದಂತದ ಬಣ್ಣಕ್ಕೆ, ಅಲ್ಲಿಂದ ಹಳದಿ, ಕಿತ್ತಳೆಗಳಿಗೆ ತಿರುಗುತ್ತದೆ. ಬೆಳಕು ಬಿದ್ದ ಕಡೆ ಒಂದು ಬಣ್ಣ, ಬೀಳದ ಕಡೆ ಇನ್ನೊಂದು. ಬಟ್ಟೆಯಿಂದ ಬಿಸಿಯಾಗುವಂತೆ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಸೆಲ್ಯುಲಾಯ್ಡ್ ತಯಾರಿಕೆಯಲ್ಲಿ ಕರ್ಪೂರ ಸೇರುತ್ತದೆ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಹಳೆಯ ಪದ್ಧತಿಯನ್ನು ಯಾರೂ ಅನುಸರಿಸಬಾರದು. ಸೆಲ್ಯುಲಾಯ್ಡ್ ಕ್ಷಣಾರ್ಧದಲ್ಲಿ ಹೊತ್ತಿಕೊಳ್ಳುವ ವಸ್ತು.

ಒರೆಯ ಹೊರಮೈಯಷ್ಟೇ ಒಳಮೈಯೂ ಮುಖ್ಯ. ಮೊದಲ ವರ್ಷಗಳ ಎಸ್‌ಎ ಒರೆಗಳಿಗೆ ರಾಸಾಯನಿಕ ಕ್ರಿಯೆಯಿಂದ ಕಂದು ಬಣ್ಣ ಬರಿಸಿದರು. ಆ ಬಣ್ಣ ಉಕ್ಕಿನ ಮೈಯಲ್ಲೇ ಇರುತ್ತದೆ. ಆಮೇಲಿನವುಗಳಿಗೆ ಬಣ್ಣ ಬಳಿದರು. ಅದು ಏಟು ಬಿದ್ದಲ್ಲಿ ಚಕ್ಕೆಯೆದ್ದು, ಅಡಿಯ ಲೋಹ ಕಾಣುತ್ತದೆ. ಅಲಗು ಅಲುಗದಂತೆ ಹಿಡಿದುಕೊಳ್ಳಲು ಒರೆಯೊಳಗೆ ಸ್ಪ್ರಿಂಗಿನಂಥ ಪಟ್ಟಿಗಳಿರುತ್ತವೆ. ವರ್ಷಗಟ್ಟಲೆ ಹಿರಿದು ಸೇರಿಸಿದ ಅಲಗಿನ ಮೈಮೇಲೆ ಈ ಪಟ್ಟಿಗಳು ಉದ್ದನೆಯ ಜೋಡಿಗೆರೆಗಳನ್ನು ಮೂಡಿಸುತ್ತವೆ. ಅಲಗಿನ ಮೇಲಿನ ಗೆರೆ ಒರೆಯೊಳಗಿನ ಪಟ್ಟಿಗೆ ನೇರವಾಗಿ ಹೊಂದದಿದ್ದರೆ ಆ ಅಲಗು ಮತ್ತು ಆ ಒರೆ ಬಹುಕಾಲ ಜೊತೆಯಾಗಿರಲಿಲ್ಲ ಎಂದರ್ಥ. ಒರೆಯ ಬಾಯನ್ನು ಬಿಗಿಯುವ ತಿರುಪುಗಳ ತಲೆಯಲ್ಲಿ ಒಂದೇ ಗೀಟು ಇರುತ್ತದೆ. ಅಡ್ಡ ಉದ್ದ ಎರಡು ಗೀಟಿನ ತಿರುಪಿಗೆ ಅಮೆರಿಕದಲ್ಲಿ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದದ್ದೇ 1936ರಲ್ಲಿ. ಅಂಥ ತಿರುಪು ಕಂಡರೆ ಕನಿಷ್ಠ ಆ ಭಾಗವಂತೂ ಆಮೇಲಿನದು.

ಕಠಾರಿಯನ್ನು ಬಿಚ್ಚಿ ನೋಡುವುದು ನುರಿತವರು ಮಾತ್ರ ಮಾಡಬೇಕಾದ ಕೆಲಸ. ಹಿಡಿಯ ತಲೆಯ ಮೇಲಿನ ನಟ್ಟನ್ನು ಸರಿಯಾದ ಸಲಕರಣೆಯಿಲ್ಲದೆ ತಿರುಗಿಸಿದರೆ ಕಲೆ ಬೀಳುತ್ತದೆ. ಆಗಲೇ ಬಿದ್ದಿರುವ ಹೊಸ ಕಲೆಗಳು ಯಾರೋ ಈಚೆಗೆ ಬಿಚ್ಚಿದ್ದಾರೆಂಬ ಸುಳಿವು ಕೊಡುತ್ತವೆ. ಬಿಚ್ಚಿದಾಗ ಹಿಡಿಯೊಳಗೆ ಅಡಗಿದ್ದ ಅಲಗಿನ ಬಾಲ ಕಾಣುತ್ತದೆ. ಮೂಲದಿಂದ ಒಟ್ಟಿಗಿದ್ದ ಭಾಗಗಳಲ್ಲಿ ಬಾಲದ ಮೇಲಿನ ತುಕ್ಕು ಮತ್ತು ಹಿಡಿಯ ಒಳಗಿನ ಕಲೆ ಒಂದಕ್ಕೊಂದು ಹೊಂದಿರುತ್ತವೆ. ತಾಮ್ರವಿರುವ ಲೋಹ ಚರ್ಮಕ್ಕೆ ತಾಗಿದ ಕಡೆ ಹಸಿರು ಕಿಲುಬು ಕಟ್ಟುತ್ತದೆ. ಕಠಾರಿಯನ್ನು ಸೊಂಟಕ್ಕೆ ತೂಗುಹಾಕುವ ಚರ್ಮದ ತೂಗುಪಟ್ಟಿಯ ಕೆಳಗೆ ಅಂಥ ಕಿಲುಬು ಇದ್ದರೆ ಪಟ್ಟಿ ಮತ್ತು ಒರೆಯ ಒಡನಾಟ ಹಳೆಯದು.

ಸವೆತವನ್ನು ಓದುವುದು ಈ ವಿದ್ಯೆಯ ತಿರುಳು. ನಕಲಿಗಾರ ವಸ್ತುವನ್ನು ಹಳತಾಗಿಸಲು ಆಮ್ಲ ಬಳಸುತ್ತಾನೆ, ಮಣ್ಣಲ್ಲಿ ಹೂಳುತ್ತಾನೆ, ಸಂದುಗಳಿಗೆ ಬೂಟುಪಾಲಿಶ್ ಮೆತ್ತುತ್ತಾನೆ. ಇವೆಲ್ಲ ಮೈತುಂಬ ಒಂದೇ ಸಮನಾದ ಮುಪ್ಪನ್ನು ತರುತ್ತವೆ. ನಿಜವಾದ ಬಳಕೆ ಸಮನಾಗಿ ಸವೆಸುವುದಿಲ್ಲ. ಅಂಗೈ ಒತ್ತುವ ಕಡೆ ಹಿಡಿ ನುಣುಪಾಗುತ್ತದೆ. ಒರೆಯ ಒಳಮಗ್ಗುಲು ಷರಾಯಿಯ ಬಟ್ಟೆಗೆ ಉಜ್ಜಿ ಮೆರುಗು ಕಳೆದುಕೊಳ್ಳುತ್ತದೆ. ಹೊರಮಗ್ಗುಲು ಬಾಗಿಲು, ಕುರ್ಚಿಗಳಿಗೆ ತಗುಲಿ ನೆಗ್ಗುತ್ತದೆ. ಒರೆಯ ತುದಿಯ ಗುಂಡು ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದಿರುತ್ತದೆ. ಹಳೆಯ ತುಕ್ಕು ಗಾಢ ಕಂದು, ಆಳವಾಗಿ ಅಲ್ಲಲ್ಲಿ ಕಚ್ಚಿಕೊಂಡದ್ದು. ಅವಸರದ ತುಕ್ಕು ಕೆಂಪು, ಮೇಲುಮೇಲಿನದು, ಎಲ್ಲೆಡೆ ಹರಡಿದ್ದು. ಅಲಗು ಹೊಸದರಂತಿದ್ದು ಒರೆ ಜಜ್ಜಿಹೋಗಿದ್ದರೆ, ಅಥವಾ ಇದಕ್ಕೆ ವಿರುದ್ಧವಾಗಿದ್ದರೆ, ಅವುಗಳ ಜೀವನ ಬೇರೆ ಬೇರೆಯಾಗಿ ಕಳೆದಿದೆ ಎಂದೇ ಎಣಿಸಬೇಕು.

ಉಡುಗೊರೆಯ ಕಠಾರಿಗಳಲ್ಲಿ ಡಮಾಸ್ಕಸ್ ಅಲಗುಗಳದು ವಿಶೇಷ ಸ್ಥಾನ. ಬೇರೆ ಬೇರೆ ಗುಣದ ಉಕ್ಕಿನ ಪದರಗಳನ್ನು ಕಾಯಿಸಿ, ಬಡಿದು, ಮಡಚಿ ಬೆಸೆದಾಗ ನೀರಿನಲೆಯಂಥ ಚಿತ್ತಾರ ಮೂಡುತ್ತದೆ. ಪಾಲ್ ಮ್ಯುಲ್ಲರ್, ಪಾಲ್ ಡಿಂಗರ್, ರಾಬರ್ಟ್ ಡೋಯ್ಸ್ ಆ ಕಾಲದ ಜರ್ಮನಿಯಲ್ಲಿ ಈ ಕಲೆಗೆ ಹೆಸರಾದ ಕಮ್ಮಾರರು. ಬೆಸೆದ ಅಲಗಿನಲ್ಲಿ ಚಿತ್ತಾರ ಲೋಹದ ಒಡಲೊಳಗೇ ಇರುವುದರಿಂದ ಏಣು, ಅಂಚುಗಳಲ್ಲಿಯೂ ತುಂಡಾಗದೆ ಮುಂದುವರಿಯುತ್ತದೆ. ಸಾದಾ ಅಲಗಿನ ಮೈಮೇಲೆ ಆಮ್ಲದಿಂದ ಬರೆದ ಚಿತ್ತಾರ ಅಂಚು ಬಂದಲ್ಲಿ ನಿಂತುಬಿಡುತ್ತದೆ. ಅಗ್ಗದ ಆಯ್ಕೆಯಾಗಿ ಇಂಥ ಹುಸಿ ಚಿತ್ತಾರವನ್ನು ಆ ಕಾಲದಲ್ಲೇ ಮಾರುತ್ತಿದ್ದರು. ಹಾಗಾಗಿ ಅದು ಇದ್ದ ಮಾತ್ರಕ್ಕೆ ಕಠಾರಿ ನಕಲಿಯಲ್ಲ. ಇನ್ನೊಂದೆಡೆ, ಬೆಸೆದ ಉಕ್ಕನ್ನು ಇಂದಿಗೂ ಹಲವು ದೇಶಗಳಲ್ಲಿ ತಯಾರಿಸುತ್ತಾರೆ. ಆದ್ದರಿಂದ ಚಿತ್ತಾರ ನಿಜವಾದರೂ ಕಾಲ ನಿಜವೆಂದು ಹೇಳಲು ಬರುವುದಿಲ್ಲ.

ಕಣ್ಣು ಮುಗಿಸಿದಲ್ಲಿಂದ ಉಪಕರಣ ಶುರುಮಾಡುತ್ತದೆ. ಒಂದು ಅಯಸ್ಕಾಂತ ಸಾಕು, ಉಕ್ಕಿನ ಮೇಲೆ ಲೇಪ ಕೊಟ್ಟಿದ್ದಾರೋ, ಅಯಸ್ಕಾಂತಕ್ಕೆ ಅಂಟದ ಜರ್ಮನ್ ಸಿಲ್ವರೋ ಎಂಬುದು ಗೊತ್ತಾಗುತ್ತದೆ. ಎಕ್ಸ್-ಕಿರಣ ಪ್ರತಿದೀಪ್ತಿ ಯಂತ್ರ ವಸ್ತುವಿಗೆ ಗೀರು ಕೂಡ ಮಾಡದೆ ಮಿಶ್ರಲೋಹದಲ್ಲಿ ಯಾವ ಧಾತು ಎಷ್ಟಿದೆ ಎಂದು ತೋರಿಸುತ್ತದೆ. ಅದನ್ನು ನಿಸ್ಸಂದೇಹವಾದ ಅಸಲಿಗಳ ಪ್ರಮಾಣದೊಡನೆ ಹೋಲಿಸಬಹುದು. ಅತಿನೇರಳೆ ಬೆಳಕಿನಲ್ಲಿ ಕಠಾರಿಯ ಕುಚ್ಚು, ತೂಗುಪಟ್ಟಿಗಳ ದಾರ ನೀಲಿಬಿಳಿಯಾಗಿ ಹೊಳೆದರೆ ಅನುಮಾನ ಹುಟ್ಟಬೇಕು. ಹಾಗೆ ಹೊಳೆಯುವಂತೆ ಮಾಡುವ ಬಿಳುಪುಕಾರಕಗಳು ಬಟ್ಟೆ ಮತ್ತು ಸಾಬೂನು ಪುಡಿಗಳಲ್ಲಿ ವ್ಯಾಪಕವಾಗಿ ಸೇರಿದ್ದು ಯುದ್ಧದ ನಂತರ. ಆದರೆ ಹಳೆಯ ಕುಚ್ಚನ್ನು ಯಾರಾದರೂ ಈಗಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ಹೊಳೆಯದಿದ್ದ ಮಾತ್ರಕ್ಕೆ ಅಸಲಿಯೂ ಆಗುವುದಿಲ್ಲ.

ಮೂಲದ ಕಥೆಯನ್ನು ಕೊನೆಗೆ ಇಟ್ಟುಕೊಳ್ಳುವುದೇ ಸರಿ. ಯುದ್ಧದಿಂದ ಹಿಂದಿರುಗಿದ ಅಮೆರಿಕದ ಸೈನಿಕರಿಗೆ ವಶಪಡಿಸಿಕೊಂಡ ವಸ್ತುವನ್ನು ಮನೆಗೊಯ್ಯಲು ಸೇನೆ ಅನುಮತಿಪತ್ರ ಕೊಡುತ್ತಿತ್ತು. ಕಠಾರಿಯ ವಿವರದೊಡನೆ ಅಂಥ ಪತ್ರ ಹೊಂದಿದರೆ, ಯುದ್ಧಕಾಲದ ಚಿತ್ರವೋ ಪತ್ರವ್ಯವಹಾರವೋ ಜೊತೆಗಿದ್ದರೆ ಬೆಲೆಯುಳ್ಳ ಸಾಕ್ಷ್ಯ. ಅಲಗಿನ ಮೇಲೆ ಅಧಿಕಾರಿಯ ಹೆಸರಿದ್ದರೆ ಜರ್ಮನಿಯ ಫೆಡರಲ್ ದಾಖಲೆ ಸಂಗ್ರಹದಲ್ಲಿರುವ ಸೇವಾ ಕಡತಗಳಲ್ಲಿ ಹುಡುಕಬಹುದು. ಆದರೆ ಅದೇ ಕಡತಗಳಿಂದ ಹೆಸರು ಆಯ್ದುಕೊಂಡು ಅಲಗಿಗೆ ಕೊರೆಯುವವರೂ ಇದ್ದಾರೆ. ಹೆಸರು ಕಡತದಲ್ಲಿ ಸಿಕ್ಕಿತು ಎಂಬುದು ಹೆಸರು ನಿಜ ಎನ್ನುವುದಕ್ಕಷ್ಟೇ ಆಧಾರ. ಬಾಯಿಮಾತಿನ ಕಥೆ ಎಷ್ಟೇ ಮನಮುಟ್ಟುವಂತಿದ್ದರೂ ಲೋಹ ಹೇಳುವುದಕ್ಕೆ ವಿರುದ್ಧವಾಗಿದ್ದರೆ ಲೋಹದ ಮಾತೇ ನಿಲ್ಲಬೇಕು.

ಭಾರತದಲ್ಲಿ ಇಂಥ ಕಠಾರಿ ಸಿಗುವುದು ಅಸಾಧ್ಯವೇನಲ್ಲ. ಉತ್ತರ ಆಫ್ರಿಕಾ ಮತ್ತು ಇಟಲಿಯಲ್ಲಿ ಭಾರತೀಯ ಸೇನೆಯ ವಿಭಾಗಗಳು ಜರ್ಮನರ ಎದುರು ಕಾದಾಡಿದವು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ದಳದ ತುಕಡಿಗಳೂ ಅಲ್ಲಿದ್ದವು. ಹಿಂದಿರುಗಿದ ಯೋಧನ ಟ್ರಂಕಿನಲ್ಲಿ ಜರ್ಮನ್ ಅಲಗೊಂದು ಬಂದಿರಬಹುದು. ಅದೇ ವೇಳೆ, ಪ್ರತಿಕೃತಿಗಳು ತಯಾರಾಗುವ ದೇಶಗಳಲ್ಲಿ ಭಾರತವೂ ಒಂದಾಗಿರುವುದರಿಂದ ಇಲ್ಲಿ ಕಾಣುವ ಕಠಾರಿ ಹೊಸದಾಗಿರುವ ಸಾಧ್ಯತೆಯೂ ಹೆಚ್ಚು. ಕಾನೂನನ್ನೂ ಗಮನಿಸಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಕಠಾರಿಯಂಥ ಹರಿತ ಆಯುಧಗಳೂ ಬರುತ್ತವೆ. ವಿದೇಶದಿಂದ ತರಿಸುವ ಅಥವಾ ಕೊಳ್ಳುವ ಮುನ್ನ ಪರವಾನಗಿ ಅಧಿಕಾರಿಗಳಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ. ಜರ್ಮನಿಯಲ್ಲಿ ನಾಜಿ ಲಾಂಛನಗಳನ್ನು ಸಾರ್ವಜನಿಕವಾಗಿ ತೋರಿಸುವುದು ದಂಡಸಂಹಿತೆಯ 86ಎ ವಿಧಿಯ ಪ್ರಕಾರ ಅಪರಾಧ. ಶಿಕ್ಷಣ, ಸಂಶೋಧನೆ, ಕಲೆ ಮೊದಲಾದ ಉದ್ದೇಶಗಳಿಗೆ ವಿನಾಯಿತಿಯಿದೆ.

ಅಸಲಿ ಎಂದು ಗೊತ್ತಾದ ಕಠಾರಿಯನ್ನು ಉಳಿಸಿಕೊಳ್ಳುವುದೂ ಪರೀಕ್ಷೆಯಷ್ಟೇ ಜವಾಬ್ದಾರಿಯ ಕೆಲಸ. ಮೆರುಗಿನ ಪುಡಿ ಹಾಕಿ ಉಜ್ಜಿದರೆ ಅಡ್ಡಗೆರೆ, ಹಳೆಯ ಬಣ್ಣ, ಸವೆತದ ಗುರುತುಗಳೆಲ್ಲ ಹೋಗುತ್ತವೆ. ಮುಂದಿನ ಪರೀಕ್ಷಕನಿಗೆ ಓದಲು ಏನೂ ಉಳಿಯುವುದಿಲ್ಲ. ಬೆವರು ಉಕ್ಕನ್ನು ತಿನ್ನುತ್ತದೆ, ಆದ್ದರಿಂದ ಅಲಗನ್ನು ಕೈಗವಸು ಹಾಕಿ ಮುಟ್ಟಬೇಕು. ಸೆಲ್ಯುಲಾಯ್ಡ್ ಹಳತಾದಂತೆ ಹೊರಬಿಡುವ ಆಮ್ಲೀಯ ಅನಿಲ ಪಕ್ಕದ ಲೋಹವನ್ನು ಕೆಡಿಸುವುದರಿಂದ ಅಂಥ ಹಿಡಿಯ ಕಠಾರಿಯನ್ನು ಗಾಳಿಯಾಡುವ, ತಂಪಾದ, ಒಣ ಜಾಗದಲ್ಲಿ ಇಡಬೇಕು.

ತೀರ್ಪನ್ನು ಬರೆದಿಡುವಾಗ ಅಸಲಿ, ನಕಲಿ ಎಂಬ ಎರಡೇ ಪದ ಸಾಲದು. ಎಲ್ಲ ಭಾಗಗಳೂ ಒಂದೇ ಕಾಲದವು, ಮೊದಲಿನಿಂದ ಒಟ್ಟಿಗಿದ್ದವು ಎಂದು ಕಂಡುಬಂದದ್ದು ಒಂದು ವರ್ಗ. ಭಾಗಗಳು ಕಾಲದವು, ಜೋಡಣೆ ಆಮೇಲಿನದು ಎಂಬುದು ಇನ್ನೊಂದು. ಕಠಾರಿ ಅಸಲಿ, ಬರಹ ಸುಳ್ಳು ಎಂಬುದು ಮೂರನೆಯದು. ಪೂರ್ತಿ ಹೊಸದೆಂಬುದು ನಾಲ್ಕನೆಯದು. ಸಾಕ್ಷ್ಯ ಎರಡೂ ಕಡೆ ಎಳೆಯುತ್ತಿರುವಾಗ ತೀರ್ಮಾನ ತಡೆಹಿಡಿಯಲಾಗಿದೆ ಎಂದು ದಾಖಲಿಸುವುದೂ ಪ್ರಾಮಾಣಿಕ ತೀರ್ಪೇ. ಪ್ರತಿ ತೀರ್ಪಿನ ಕೆಳಗೆ ಅಲಗು, ಅಕ್ಷರ, ಮುದ್ರೆ, ಲೋಹ, ಹಿಡಿ, ಒರೆ, ಸವೆತ, ದಾಖಲೆ ಈ ಎಂಟರಲ್ಲಿ ಯಾವುದು ಏನು ಹೇಳಿತು ಎಂದು ಬರೆದಿಡಬೇಕು. ಯಾವುದೇ ಒಂದು ಗುರುತನ್ನು ನಕಲು ಮಾಡಬಲ್ಲವರು ಹಲವರಿದ್ದಾರೆ. ಎಂಟನ್ನೂ ಒಂದೇ ಕಾಲಕ್ಕೆ, ಒಂದೇ ಕೈಗೆ, ಒಂದೇ ಬಾಳಿಗೆ ಹೊಂದಿಸುವುದು ಬಹಳ ಕಷ್ಟ. ಅಸಲಿತನದ ನಿರ್ಣಯ ನಿಲ್ಲುವುದು ಆ ಎಂಟರ ಒಮ್ಮತದ ಮೇಲೆ.